ಲಕ್ಷಾಂತರ ಡಾಲರಿನ ಯಂತ್ರ ಲ್ಯಾಪ್‌ಟಾಪಿಗೆ ಇಳಿದಾಗ

ಮದುವೆ ಮಂಟಪದ ಹಳದಿ ದೀಪದಡಿ ವಧುವಿನ ಮುಖ ತೀರಾ ಕೆಂಪಾಗಿ ಕಾಣುತ್ತಿದೆ. ವಿಡಿಯೊದ ಬಣ್ಣ ತಿದ್ದುವ ಕಲರಿಸ್ಟ್ ಮುಖವನ್ನಷ್ಟೇ ಆರಿಸಿ ಕೆಂಪನ್ನು ಕೊಂಚ ಇಳಿಸುತ್ತಾನೆ. ರೇಷ್ಮೆ ಸೀರೆಯ ಬಣ್ಣ ಕದಲುವುದಿಲ್ಲ. ಈ ಕೆಲಸಕ್ಕೆ ಅವನು ಬಳಸುತ್ತಿರುವುದು ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರ್, ಅದೂ ಉಚಿತ ಆವೃತ್ತಿ.

ಒಂದು ಕಾಲಕ್ಕೆ ಇದೇ ರಿಸಾಲ್ವ್ ಲಕ್ಷಾಂತರ ಡಾಲರಿನ ಯಂತ್ರ. ಅದನ್ನು ಇಟ್ಟುಕೊಂಡ ದೊಡ್ಡ ಸ್ಟುಡಿಯೊಗಳು ಗಂಟೆ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದವು. 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ, ರಿಸಾಲ್ವ್ ತಯಾರಿಸುತ್ತಿದ್ದ ಡಾವಿಂಚಿ ಸಂಸ್ಥೆಯನ್ನು ಕೊಂಡಿತು. ಮರುವರ್ಷವೇ ಮ್ಯಾಕ್‌ನಲ್ಲಿ ಓಡುವ ಸಾಫ್ಟ್‌ವೇರ್ 995 ಡಾಲರಿಗೆ ಬಂತು. 2011ರಲ್ಲಿ ಉಚಿತ ಆವೃತ್ತಿಯೂ ಬಂತು.

ಕಂಪನಿಗೆ ಏನು ಲಾಭ? ಅದು ಕ್ಯಾಮೆರಾ, ಕಂಟ್ರೋಲ್ ಪ್ಯಾನೆಲ್‌ಗಳನ್ನು ಮಾರುತ್ತದೆ. ಉಚಿತವಾಗಿ ಕಲಿತವರು ಮುಂದೆ ಅದರ ಸಲಕರಣೆಗಳಿಗೂ ಗಿರಾಕಿಗಳಾಗಬಹುದು.

ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಮಾಡುವ ಅಡೋಬಿ ಹಿಡಿದದ್ದು ಬೇರೆ ದಾರಿ. 2013ರಲ್ಲಿ ಅದು ಚಂದಾ ಪದ್ಧತಿಗೆ ಹೊರಳಿತು. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಪ್ರೀಮಿಯರ್ ಪ್ರೊ ನಂಬಿದ ಎಡಿಟರ್‌ಗೆ ಚಂದಾ ಮಾತ್ರ ತಪ್ಪುವುದಿಲ್ಲ. ಸಣ್ಣ ಸ್ಟುಡಿಯೊಗಳಿಗೆ ಇದು ನಿಜವಾದ ಹೊರೆ.

 

ಯಂತ್ರ ಅಗ್ಗವಾದ ಮೇಲೆ ಪೈಪೋಟಿ ಹೆಚ್ಚಿದೆ, ದರ ಇಳಿಸಿ ಎಂಬ ಒತ್ತಡವೂ ಹೆಚ್ಚಿದೆ. ಆದರೆ ನೂರಾರು ಶಾಟ್‌ಗಳನ್ನು ಒಂದೇ ಹದಕ್ಕೆ ತರಲು ಪಳಗಿದ ಕಣ್ಣು ಬೇಕು, ದಿನಗಟ್ಟಲೆ ಕೂರಬೇಕು. ವಿಡಿಯೊ ಮಾಡಿಸುವವರೇ, ಚೌಕಾಸಿಗೆ ಇಳಿಯುವ ಮುನ್ನ ಆ ದಿನಗಳ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯಿರಿ.