ಸಬ್ಮಿಟ್ ಬಟನ್ ಎರಡು ಸಲ ಒತ್ತಿದ್ರೆ ಡೇಟಾಬೇಸ್‌ನಲ್ಲಿ ಏನಾಗುತ್ತೆ?

ಇವತ್ತು ಮಾಂಗೋಡಿಬಿ ಅನ್ನೋ ಡಾಕ್ಯುಮೆಂಟ್ ಡೇಟಾಬೇಸ್‌ಗೆ ಜಾವಾಸ್ಕ್ರಿಪ್ಟ್‌ನಿಂದ ಒಂದೇ ಒಂದು ದಾಖಲೆ ಸೇರಿಸೋದರ ಬಗ್ಗೆ ಮಾತಾಡೋಣ. ಕೇಳೋಕೆ ತೀರಾ ಸಣ್ಣ ಕೆಲಸ. ಕಲೆಕ್ಷನ್ ಹೆಸರು ಹೇಳಿ, 'ಇನ್ಸರ್ಟ್‌ಒನ್' ಕರೆದು, ಒಂದು ಆಬ್ಜೆಕ್ಟ್ ಕೊಟ್ಟರೆ ಮುಗೀತು. ಆ ಕಲೆಕ್ಷನ್ ಮೊದಲು ಇರದಿದ್ದರೂ ತಾನೇ ಹುಟ್ಟಿಕೊಳ್ಳುತ್ತೆ. (ಹೆಸರಲ್ಲಿ ಒಂದಕ್ಷರ ತಪ್ಪಾದ್ರೂ ಸದ್ದಿಲ್ಲದೆ ಹೊಸದೊಂದು ಹುಟ್ಟುತ್ತೆ, ಹುಷಾರು!)

ಈಗ ನೀವು ಕಾಲೇಜು ಫೆಸ್ಟ್‌ಗೆ ನೋಂದಣಿ ಆ್ಯಪ್ ಮಾಡಿದ್ದೀರಿ ಅಂದ್ಕೊಳ್ಳಿ. ವರ್ಕ್‌ಶಾಪ್‌ಗೆ ಇರೋದು 50 ಸೀಟು. ನೆಟ್‌ವರ್ಕ್ ನಿಧಾನ, ಹುಡುಗಿಯೊಬ್ಬಳು ಸಬ್ಮಿಟ್ ಬಟನ್ ಎರಡು ಸಲ ಒತ್ತಿದಳು. ಪಟ್ಟಿಯಲ್ಲಿ ಅವಳ ಹೆಸರು ಎರಡು ಸಲ ಬಂತು. ಇನ್ಯಾರದ್ದೋ ಸೀಟು ಹೋಯ್ತು.

ಯಾಕೆ ಹೀಗೆ? ಪ್ರತಿ ದಾಖಲೆಗೂ 'ಅಂಡರ್‌ಸ್ಕೋರ್ ಐಡಿ' ಅನ್ನೋ ಗುರುತು ಇರಲೇಬೇಕು. ನೀವು ಕೊಡದಿದ್ರೆ 12 ಬೈಟ್‌ನ ಆಬ್ಜೆಕ್ಟ್‌ಐಡಿ ತಯಾರಾಗುತ್ತೆ. ಅದನ್ನ ಸರ್ವರ್ ಕೊಡುತ್ತೆ ಅಂತ ತುಂಬಾ ಜನ ತಿಳ್ಕೊಂಡಿರ್ತಾರೆ. ಸಾಮಾನ್ಯವಾಗಿ ಹಾಗಲ್ಲ. ನಿಮ್ಮ ಕೋಡ್ ಬಳಸೋ ಡ್ರೈವರ್ರೇ ಕಳಿಸೋ ಮುಂಚೆ ಅಂಟಿಸಿರುತ್ತೆ: 4 ಬೈಟ್ ಸಮಯ, 5 ಬೈಟ್ ರ‍್ಯಾಂಡಮ್, 3 ಬೈಟ್ ಕೌಂಟರ್. ಎರಡು ಸಲ ಒತ್ತಿದ್ರೆ ಎರಡು ಬೇರೆ ಗುರುತು. ಡೇಟಾಬೇಸ್ ಲೆಕ್ಕದಲ್ಲಿ ಅವರು ಇಬ್ಬರು!

'ಮೊದಲು ಫೈಂಡ್‌ಒನ್‌ನಿಂದ ಹುಡುಕಿ, ಸಿಗದಿದ್ರೆ ಸೇರಿಸೋಣ' ಅಂತೀರಾ? ಎರಡೂ ರಿಕ್ವೆಸ್ಟ್ ಒಟ್ಟಿಗೇ ಹುಡುಕಿದ್ರೆ ಎರಡಕ್ಕೂ 'ಇಲ್ಲ' ಅನ್ನೋ ಉತ್ತರವೇ ಸಿಗುತ್ತೆ, ಎರಡೂ ಸೇರಿಸ್ತವೆ. ಬಟನ್ ಡಿಸೇಬಲ್ ಮಾಡೋದು ಒಳ್ಳೇದೇ, ಆದ್ರೆ ಅದೊಂದೇ ಸಾಲದು.

ನನ್ನ ಪ್ರಕಾರ ಸರಿಯಾದ ದಾರಿ ಒಂದೇ. ವಿದ್ಯಾರ್ಥಿಯ ರಿಜಿಸ್ಟರ್ ನಂಬರ್ ಮೇಲೆ ಯುನೀಕ್ ಇಂಡೆಕ್ಸ್ ಹಾಕಿ. ನೋಂದಣಿ ಶುರುವಾಗೋ ಮೊದಲೇ ಹಾಕಿ, ಯಾಕಂದ್ರೆ ಒಳಗೆ ಆಗಲೇ ಡೂಪ್ಲಿಕೇಟ್ ಇದ್ರೆ ಇಂಡೆಕ್ಸ್ ಕಟ್ಟೋಕೇ ಆಗಲ್ಲ. ಆಮೇಲೆ ಎರಡನೇ ಸಲ ಬಂದ ದಾಖಲೆಗೆ 11000 ಅನ್ನೋ ಎರರ್ ಕೋಡ್ ಸಿಗುತ್ತೆ. ಅದನ್ನ ಟ್ರೈ-ಕ್ಯಾಚ್‌ನಲ್ಲಿ ಹಿಡಿದು, 'ನೀವು ಆಗಲೇ ನೋಂದಾಯಿಸಿದ್ದೀರಿ' ಅಂತ ತೋರಿಸಿ. ಬರೀ 'ಏನೋ ತಪ್ಪಾಗಿದೆ' ಅಂದ್ರೆ ಅವಳು ಮೂರನೇ ಸಲ ಒತ್ತುತ್ತಾಳೆ ಅಷ್ಟೇ.

ಇನ್ನೊಂದು ಮಾತು. ಇನ್ಸರ್ಟ್‌ಒನ್ ಮುಂದೆ 'ಅವೇಟ್' ಬರೆಯೋದು ಮರೀಬೇಡಿ. ಅದಿಲ್ಲದಿದ್ರೆ ಕೋಡ್ ಉತ್ತರಕ್ಕೆ ಕಾಯದೆ ಮುಂದೆ ಓಡುತ್ತೆ, ಎರರ್ ಕ್ಯಾಚ್‌ನ ಕೈಗೆ ಸಿಗಲ್ಲ. ಸ್ಕ್ರೀನ್ ಮೇಲೆ 'ಧನ್ಯವಾದ' ಬಂದಿರುತ್ತೆ, ಪಟ್ಟಿಯಲ್ಲಿ ಹೆಸರೇ ಇಲ್ಲದಿರಬಹುದು.