ಹಿತ್ತಲಿಗೊಂದು ಎಲಚಿ ಮರ



ಸಂಕ್ರಾಂತಿ ಬಂತೆಂದರೆ ಮಕ್ಕಳ ತಲೆಯ ಮೇಲೆ ಎರೆಯಲು ಎಲಚಿ ಹಣ್ಣು ಬೇಕೇ ಬೇಕು. ಉತ್ತರ ಕರ್ನಾಟಕದ ಕಡೆ ಇದನ್ನೇ ಬಾರಿಹಣ್ಣು ಅನ್ನುತ್ತಾರೆ. ಹೆಸರು ಬೇರೆಯಾದರೂ ಹಣ್ಣು ಒಂದೇ. ಆದರೆ ಈ ಗಿಡವನ್ನು ಬೇಕೆಂದು ಬೆಳೆಸುವವರು ಕಡಿಮೆ. "ಬದುವಿನ ಮೇಲೆ ತಾನಾಗಿ ಹುಟ್ಟುತ್ತೆ, ಮುಳ್ಳು ಬೇಲಿಗಾಯಿತು, ಸೊಪ್ಪು ಆಡಿಗಾಯಿತು" ಎಂದು ಬಿಟ್ಟುಬಿಡುತ್ತೇವೆ. ಬಾವಿ ಬತ್ತಿ ನಿಂಬೆ, ಸಪೋಟ ಒಣಗುವ ಹಿತ್ತಲಿನಲ್ಲೂ ಮನೆಮಕ್ಕಳಿಗೆ ಹಣ್ಣು ಕೊಡಬಲ್ಲ ಮರ ಇದು. ಇದರ ಹಣ್ಣಿನಲ್ಲಿ ಸಿ ಜೀವಸತ್ವ ಸೇಬಿಗಿಂತ ಎಷ್ಟೋ ಹೆಚ್ಚು.

ನೀರಿಲ್ಲದೆ ಇದು ಬದುಕುವುದು ಹೇಗೆ ಅಂತೀರಾ? ಇದರ ತಾಯಿಬೇರು ಬಹಳ ಆಳಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಮರ ವಿಶ್ರಾಂತಿ ಪಡೆಯುತ್ತದೆ. ಮಳೆ ಬಿದ್ದಾಗ ಚಿಗುರಿ, ಹೂ ಬಿಟ್ಟು, ಚಳಿಗಾಲದಲ್ಲಿ ಹಣ್ಣು ಕೊಡುತ್ತದೆ. ಆದ್ದರಿಂದ ನಾವು ಕಾಪಾಡಬೇಕಾದ್ದು ಆ ತಾಯಿಬೇರನ್ನು. ಬೇರೆ ಕಡೆ ಬೆಳೆಸಿ ಕಿತ್ತು ನೆಟ್ಟರೆ ಅದು ತುಂಡಾಗುತ್ತದೆ. ಬೀಜವನ್ನು ಮರ ನಿಲ್ಲಬೇಕಾದ ಜಾಗದಲ್ಲೇ ಬಿತ್ತಿ, ಅಲ್ಲೇ ಕಣ್ಣು ಕಸಿ ಮಾಡುವುದು ಮೇಲು.

ಜಾಗ ಬಿಸಿಲಾಗಿರಲಿ. ಗೋಡೆಯಿಂದ, ಬೇರೆ ಮರದಿಂದ 20 ಅಡಿ ದೂರವಿರಲಿ. 2 ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಕಾಡು ಎಲಚಿಯ ಬೀಜಗಳನ್ನು ಉಪ್ಪುನೀರಿಗೆ ಹಾಕಿ, ತೇಲುವುದನ್ನು ಎಸೆಯಿರಿ. ಮುಳುಗಿದ್ದನ್ನು ಚೆನ್ನಾಗಿ ತೊಳೆದು, ಗುಂಡಿಗೆ ಮೂರರಂತೆ ಬಿತ್ತಿ. ಗಟ್ಟಿ ಓಟೆಯನ್ನು ಮೆಲ್ಲಗೆ ಒಡೆದು ಒಳಗಿನ ಬೀಜ ಹಾಕಿದರೆ ಬೇಗ ಮೊಳೆಯುತ್ತದೆ. ಆಮೇಲೆ ಚೆನ್ನಾಗಿರುವ ಒಂದು ಸಸಿ ಮಾತ್ರ ಉಳಿಸಿ.

"ದೊಡ್ಡ ಹಣ್ಣಿನ ಬೀಜ ಹಾಕಿದರೆ ಆಗದೇ?" ಎಂದು ಕೇಳುತ್ತಾರೆ. ಆಗದು. ಬೀಜದ ಗಿಡ ತಾಯಿಯಂತೆಯೇ ಬರುತ್ತದೆಂಬ ಭರವಸೆ ಇಲ್ಲ. ತಾಯಿಯ ಗುಣ ಬೇಕಾದರೆ ಕಸಿಯೇ ಗತಿ.

ತಳಿ ಯಾವುದು? ಗೋಲಾ ಬೇಗ ಮಾಗುತ್ತದೆ. ಹಿಂಗಾರು ಕೈಕೊಟ್ಟು ನೆಲದ ತೇವ ಬೇಗ ಆರುವ ಕಡೆ ಇದು ಒಳ್ಳೆಯದು. ಉಮ್ರಾನ್ ಹಣ್ಣು ದೊಡ್ಡದು, ಆದರೆ ತಡವಾಗಿ ಮಾಗುವಂಥದು. ಬಚ್ಚಲು ನೀರಾದರೂ ಸಿಗುವ ಹಿತ್ತಲಿಗೆ ಇದು ಸರಿ. ಅನೇಕ ತಳಿಗಳು ತಮ್ಮದೇ ಪರಾಗದಿಂದ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ. ಎರಡು ಮರಕ್ಕೆ ಜಾಗವಿಲ್ಲದಿದ್ದರೆ ಒಂದೇ ಮರದ ಎರಡು ಕೊಂಬೆಗೆ ಎರಡು ತಳಿಯ ಕಣ್ಣು ಕೂಡಿಸಬಹುದು.

ಕಸಿಗೆ ಮಳೆಗಾಲ, ಅಂದರೆ ಜೂನ್‌ನಿಂದ ಆಗಸ್ಟ್, ತಕ್ಕ ಕಾಲ. ಸಸಿ ಸೀಸದ ಕಡ್ಡಿಯಷ್ಟು ದಪ್ಪವಾಗಿರಬೇಕು. ಆಗಿಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಬಿಡಿ. ಒಳ್ಳೆಯ ಫಸಲು ಕೊಡುವ ಮರದಿಂದ ಉಬ್ಬಿದ, ಇನ್ನೂ ಚಿಗುರದ ಕಣ್ಣನ್ನು ಒಂದಂಗುಲ ತೊಗಟೆ ಸಮೇತ ತೆಗೆಯಿರಿ. ಸಸಿಯ ತೊಗಟೆಯಲ್ಲಿ ಅಡ್ಡಕ್ಕೊಂದು, ಅದರಿಂದ ಕೆಳಕ್ಕೊಂದು ಗೀರು ಹಾಕಿ, ಕಣ್ಣನ್ನು ಒಳಗೆ ಸೇರಿಸಿ, ಕಣ್ಣು ಮಾತ್ರ ಹೊರಗೆ ಕಾಣುವಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಕಣ್ಣು ಹಿಡಿದು ಚಿಗುರಿದ ಮೇಲೆ ಅದಕ್ಕಿಂತ ಮೇಲಿನ ಕಾಡುಕಾಂಡವನ್ನು ಕತ್ತರಿಸಿ.

ಬದುವಿನ ಮೇಲೆ ಹಳೆಯ ಕಾಡು ಎಲಚಿ ಇದೆಯೇ? ಕಡಿದು ಬಿಸಾಡಬೇಡಿ. ಬೇಸಿಗೆಯಲ್ಲಿ ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ. ಬರುವ ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ ಮಳೆಗಾಲದಲ್ಲಿ ಕಸಿ ಮಾಡಿ. ಬೇರು ಆಗಲೇ ಆಳಕ್ಕೆ ಹೋಗಿರುವುದರಿಂದ ಮರ ಬೇಗ ಫಲಕ್ಕೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಕಸಿಯ ಕೆಳಗಿನಿಂದ ಕಾಡುಚಿಗುರು ಬರುತ್ತಲೇ ಇರುತ್ತದೆ. ಕಂಡಕಂಡಾಗ ಚಿವುಟಿ ಹಾಕಿ. ಬಿಟ್ಟರೆ ಅದೇ ಹಬ್ಬಿ ಕಸಿಚಿಗುರನ್ನು ಕೊಂದುಬಿಡುತ್ತದೆ. ಆಮೇಲೆ "ಕಸಿ ಗಿಡವೇ ಹುಳಿ ಹಣ್ಣು ಬಿಟ್ಟಿತು" ಎಂದು ಕೊರಗಿ ಫಲವಿಲ್ಲ.

ಎಲಚಿ ಹೊಸ ಚಿಗುರಿನಲ್ಲೇ ಕಾಯಿ ಬಿಡುತ್ತದೆ. ಅದಕ್ಕೇ ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳಲ್ಲಿ, ಎಲೆ ಉದುರಿದಾಗ, ಹಿಂದಿನ ವರ್ಷದ ರೆಂಬೆಗಳನ್ನು ಅರ್ಧಕ್ಕೆ ಸವರಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ನೆಲಕ್ಕೆ ತಾಗುವುದು ಎಲ್ಲವನ್ನೂ ತೆಗೆಯಿರಿ. ಹಸಿರು ಮರಕ್ಕೆ ಕತ್ತಿ ಹಾಕಲು ಮನಸ್ಸು ಬಾರದಿರಬಹುದು. ಸವರದ ಮರದಲ್ಲಿ ಹಣ್ಣು ವರ್ಷವರ್ಷಕ್ಕೂ ಸಣ್ಣದಾಗುತ್ತದೆ. ಸವರಿದ ಮುಳ್ಳು ಹೇಗೂ ಬೇಲಿಗಾಯಿತು.

ಶತ್ರುಗಳು ಮುಖ್ಯವಾಗಿ ಎರಡು. ಹಣ್ಣಿನ ನೊಣ ಎಳೆಗಾಯಿಯಲ್ಲಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ತಿಂದು, ಕೊನೆಗೆ ಮಣ್ಣಿಗಿಳಿದು ಕೋಶವಾಗುತ್ತದೆ. ಉದುರಿದ ಹಣ್ಣನ್ನು ದಿನವೂ ಆರಿಸಿ ನಾಶಮಾಡಿ, ಬೇಸಿಗೆಯಲ್ಲಿ ಮರದ ಬುಡ ಅಗೆದು ಕೋಶಗಳನ್ನು ಬಿಸಿಲಿಗೆ ಒಡ್ಡಿ. ಎರಡನೆಯದು ಬೂದಿ ರೋಗ. ಹೂವು, ಎಳೆಗಾಯಿಗಳ ಮೇಲೆ ಬಿಳಿ ಪುಡಿ ಕಂಡ ಕೂಡಲೇ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬೆರೆಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ.

ಕೊನೆಗೆ ಇಷ್ಟು ನೆನಪಿರಲಿ: ಬೀಜ ಇದ್ದಲ್ಲೇ ಬಿತ್ತುವುದು, ಕಣ್ಣು ಒಳ್ಳೆಯ ಮರದಿಂದ ತರುವುದು, ಕಾಡುಚಿಗುರು ತೆಗೆಯುವುದು, ಬೇಸಿಗೆಯಲ್ಲಿ ಸವರುವುದು. ಕಣ್ಣು ಕಸಿ ಕೈಗೆ ಹತ್ತದಿದ್ದರೆ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕೈಯಾರೆ ತೋರಿಸಿಕೊಟ್ಟರೆ ಒಂದೇ ದಿನದಲ್ಲಿ ಕಲಿಯಬಹುದಾದ ವಿದ್ಯೆ ಅದು.