ತಗಡಿನ ಸೂರಿಗೆ ಬಾಟಲಿ ಬೆಳಕು

ಹೆದ್ದಾರಿ ಬದಿಯ ಯಾವುದೇ ವೆಲ್ಡಿಂಗ್ ಶೆಡ್ಡಿಗೆ ನಡುಮಧ್ಯಾಹ್ನ ಹೋಗಿ ನೋಡಿ. ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲು, ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಸುತ್ತಲೂ ತಗಡು, ಮೇಲೂ ತಗಡು. ಕಿಟಕಿ ಇಟ್ಟರೆ ಸಾಮಾನು ಕಳುವಾಗುವ ಭಯ. ಕರೆಂಟು ಹೋಯಿತೆಂದರೆ ವೈಸ್‌ನಲ್ಲಿ ಕಚ್ಚಿಸಿದ ಕಬ್ಬಿಣದ ಮೇಲೆ ಗೀಚಿದ ಗೆರೆಯೂ ಕಾಣುವುದಿಲ್ಲ. ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ತಗಡಿನಾಚೆ ಸೂರ್ಯ ನಿಗಿನಿಗಿ ಉರಿಯುತ್ತಿರುತ್ತಾನೆ, ಈಚೆ ಮನುಷ್ಯ ಕರೆಂಟು ಬರುವುದನ್ನೇ ಕಾಯುತ್ತಾನೆ. ಈ ಕತ್ತಲೆಗೆ ಚೆಂದದ ಒಂದು ದಾರಿ ಕಂಡುಕೊಂಡವರು ಬ್ರೆಜಿಲ್‌ನ ಉಬೆರಾಬಾ ಊರಿನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್. ಅದು 2002ರ ಮಾತು.

ಬ್ರೆಜಿಲ್‌ನ ವಿದ್ಯುತ್ತಿನಲ್ಲಿ ಬಹುಪಾಲು ಅಣೆಕಟ್ಟುಗಳದ್ದು. ಮಳೆ ಕೈಕೊಟ್ಟು ಜಲಾಶಯಗಳು ತಳ ಕಂಡಾಗ 2001ರ ಜೂನ್‌ನಿಂದ 2002ರ ಫೆಬ್ರವರಿವರೆಗೆ ಅಲ್ಲಿ ಕರೆಂಟಿಗೂ ಪಡಿತರ ಬಂತು. ಲಿಂಗನಮಕ್ಕಿಯಲ್ಲಿ ಇವತ್ತೆಷ್ಟು ಅಡಿ ನೀರು ಎಂದು ಪತ್ರಿಕೆ ನೋಡಿ ಲೋಡ್‌ಶೆಡ್ಡಿಂಗ್ ಲೆಕ್ಕ ಹಾಕಿದ ನಮಗೆ ಆ ಸ್ಥಿತಿಯನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಗಳಿಗಷ್ಟೇ ಕರೆಂಟು ಸಿಗುತ್ತಿತ್ತು, ಮನೆಗಳಿಗೆ ಇರಲಿಲ್ಲ ಎಂದು ಮೋಸರ್ ಮುಂದೆ ನೆನಪಿಸಿಕೊಂಡಿದ್ದಾರೆ. ಕೆಲಸದ ಜಾಗದಲ್ಲಿ ಒಮ್ಮೆ ಒಂದು ಮಾತು ಬಂತಂತೆ: ಸಣ್ಣ ವಿಮಾನವೊಂದು ಎಲ್ಲೋ ನಿರ್ಜನ ಜಾಗದಲ್ಲಿ ಬಿದ್ದು, ಕೈಯಲ್ಲಿ ಬೆಂಕಿಪೊಟ್ಟಣವೂ ಇಲ್ಲದಿದ್ದರೆ ಜನರನ್ನು ಕರೆಯುವುದು ಹೇಗೆ? ಎಸೆದ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ ಬಿಸಿಲಿಗೆ ಹಿಡಿಯಿರಿ, ಅದೇ ಮಸೂರವಾಗಿ ಒಣಹುಲ್ಲಿಗೆ ಕಿಡಿ ತಾಗಿಸುತ್ತದೆ, ಹೊಗೆ ಕಂಡವರು ಬರುತ್ತಾರೆ ಎಂದರು ಅವರ ಮೇಲಧಿಕಾರಿ. ಉಳಿದವರು ಕೇಳಿ ಮರೆತಿರಬಹುದು. ಮೋಸರ್ ಅವರ ತಲೆಯಲ್ಲಿ ಆ ಮಾತು ಉಳಿಯಿತು.

ನೀರು ತುಂಬಿದ ಗಾಜು ಬಿಸಿಲನ್ನು ಒಟ್ಟುಗೂಡಿಸುತ್ತದೆ ಎಂಬುದು ಹಳೆಯ ತಿಳಿವಳಿಕೆ. ರೋಮಿನ ಪ್ಲಿನಿ ಮೊದಲ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಯುರೋಪಿನ ಚಮ್ಮಾರರೂ ಲೇಸ್ ಹೆಣೆಯುವ ಹೆಂಗಸರೂ ಮೇಣದಬತ್ತಿಯ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಟ್ಟುಕೊಂಡು, ಸೂಜಿಯ ಮೊನೆಗೆ ಬೆಳಕು ಬೀಳುವಂತೆ ಮಾಡಿಕೊಂಡು ರಾತ್ರಿ ದುಡಿಯುತ್ತಿದ್ದರು. ಅವರಿಗೆಲ್ಲ ಬೇಕಾದದ್ದು ಬೆಳಕನ್ನು ಒಂದು ಬಿಂದುವಿಗೆ ತರುವುದು. ಮೋಸರ್‌ಗೆ ಬೇಕಾದದ್ದು ಇದರ ತಿರುವುಮುರುವು: ಒಂದು ಕಡೆ ಬಿದ್ದ ಬಿಸಿಲು ಇಡೀ ಕೋಣೆಗೆ ಹರಡಬೇಕು. ಅವರ ನಿಜವಾದ ಹೊಸತನ ಇಲ್ಲಿದೆ ಎಂದು ನನಗನ್ನಿಸುತ್ತದೆ. ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿಯುವ ಬದಲು ಅವರು ಅದನ್ನು ಸೂರಿಗೆ ಸಿಕ್ಕಿಸಿದರು.

ಸೂರಿನಲ್ಲಿ ಬರಿಯ ತೂತು ಕೊರೆದರೆ ನೆಲದ ಮೇಲೆ ಕಣ್ಣು ಕುಕ್ಕುವ ಒಂದು ಬಿಲ್ಲೆ ಬಿಸಿಲು ಬೀಳುತ್ತದೆ, ಸುತ್ತಲಿನ ಕತ್ತಲೆ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಅದೇ ತೂತಿಗೆ ನೀರು ತುಂಬಿದ ಎರಡು ಲೀಟರ್ ಬಾಟಲಿ ಇಳಿಬಿಟ್ಟು, ಮೂರನೇ ಒಂದು ಪಾಲು ಮೇಲೆ, ಉಳಿದದ್ದು ಒಳಗೆ ಇರುವಂತೆ ನಿಲ್ಲಿಸಿದರೆ ಲೆಕ್ಕವೇ ಬೇರೆ. ಮೇಲೆ ಬಿದ್ದ ಕಿರಣ ನೀರಿಗಿಳಿಯುತ್ತಲೇ ಬಾಗುತ್ತದೆ, ಬಾಟಲಿಯ ಒಳಮೈಗೆ ಓರೆಯಾಗಿ ತಾಗಿ ಮತ್ತೆ ನೀರಿಗೇ ಮರಳುತ್ತದೆ, ಕೊನೆಗೆ ಬಾಗಿದ ಮೈಯಿಂದಲೂ ತಳದ ಉಬ್ಬುತಗ್ಗುಗಳಿಂದಲೂ ದಿಕ್ಕುದಿಕ್ಕಿಗೆ ಚೆದುರುತ್ತದೆ. ಎಂಜಿನಿಯರ್ ಒಬ್ಬರು ಬಂದು ಅಳೆದಾಗ, ಬಿಸಿಲಿನ ಬಿರುಸನ್ನು ನೋಡಿಕೊಂಡು 40ರಿಂದ 60 ವ್ಯಾಟಿನ ಬಲ್ಬಿನಷ್ಟು ಬೆಳಕು ಕಂಡಿತೆಂದು ಮೋಸರ್ ಹೇಳಿದ್ದಾರೆ. ಉತ್ಪ್ರೇಕ್ಷೆಯೇ ಎಂದು ಸಂಶಯಪಡುವವರು ಕಾಗದದ ಮೇಲೆ ಲೆಕ್ಕ ಹಾಕಬಹುದು. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಹತ್ತಿರಹತ್ತಿರ 1 ಲಕ್ಷ ಲ್ಯೂಮೆನ್ ಬೆಳಕು ಸುರಿಯುತ್ತದೆ. ಬಾಟಲಿಯ ಅಡ್ಡಳತೆ ಸುಮಾರು 10 ಸೆಂಟಿಮೀಟರ್, ಹರವು ಸುಮಾರು 80 ಚದರ ಸೆಂಟಿಮೀಟರ್, ಅಂದರೆ ಚದರ ಮೀಟರಿನ 125ರಲ್ಲಿ ಒಂದು ಪಾಲು. ಅದರ ಪಾಲಿಗೆ ಬರುವುದು 800 ಲ್ಯೂಮೆನ್. ಹಳೆಯ 60 ವ್ಯಾಟಿನ ತಂತಿ ಬಲ್ಬು ಕೊಡುತ್ತಿದ್ದದ್ದೂ ಹೆಚ್ಚುಕಡಿಮೆ ಇಷ್ಟೇ. ದಾರಿಯಲ್ಲಿ ಸ್ವಲ್ಪ ಸೋರಿಹೋದರೂ ಎಂಜಿನಿಯರ್ ಹೇಳಿದ ಸಂಖ್ಯೆಗೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ.

ಬಾಟಲಿ ಸಿಕ್ಕಿಸುವ ಯೋಚನೆ ಇನ್ನೊಬ್ಬರಿಗೂ ಹೊಳೆಯಬಹುದಿತ್ತು. ಅದನ್ನು ಬಾಳಿಕೆ ಬರುವಂತೆ ಮಾಡಿದ ರೀತಿಯಲ್ಲಿ ಮೆಕ್ಯಾನಿಕ್ಕಿನ ಕೈಗುಣ ಕಾಣುತ್ತದೆ. ಬಿಸಿಲಿಗಿಟ್ಟ ನೀರು ಹಾಗೇ ಉಳಿಯುವುದಿಲ್ಲ, ನೋಡನೋಡುತ್ತ ಪಾಚಿ ಕಟ್ಟಿ ಹಸಿರಾಗುತ್ತದೆ, ಬೆಳಕು ಸಾಯುತ್ತದೆ. ಮೋಸರ್ ಪ್ರತಿ ಬಾಟಲಿಗೆ ಎರಡು ಮುಚ್ಚಳ ಬ್ಲೀಚ್ ಹಾಕಿದರು. ಬಟ್ಟೆ ಬಿಳುಪು ಮಾಡಲು ಮನೆಯಲ್ಲಿ ಇರುತ್ತದಲ್ಲ, ಅದೇ. ಬಾಟಲಿ ತಿಳಿಯಾದಷ್ಟೂ ಬೆಳಕು ಚೆನ್ನ ಎಂದು ತೊಳೆದು ತುಂಬುತ್ತಿದ್ದರು. ಹೆಂಚು ಕೊರೆಯುವಾಗ ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಬಾಟಲಿಯನ್ನು ಒಳಗಿನಿಂದ ಮೇಲಕ್ಕೆ ತಳ್ಳಿ, ಸಂದಿಗೆ ಪಾಲಿಯೆಸ್ಟರ್ ರೆಸಿನ್ ಮೆತ್ತುತ್ತಿದ್ದರು. ಮಳೆ ಬಂದರೂ ಒಂದು ಹನಿ ಸೋರುವುದಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು, ಆ ಹೆಮ್ಮೆಗೆ ಅವರು ಅರ್ಹರು. ಸೋರುವ ಸೂರಿನಡಿ ಕೂತವರಿಗೆ ಬೆಳಕಿನ ಉಪದೇಶ ನಾಟುವುದಿಲ್ಲ.

ಅಕ್ಕಪಕ್ಕದ ಮನೆಗಳಿಗೆ, ಊರಿನ ಅಂಗಡಿಗೆ ಅವರು ಇದನ್ನು ಹಾಕಿಕೊಟ್ಟು ಸಣ್ಣ ಕೂಲಿ ಪಡೆದರು. ಹೀಗೆ ಹಾಕಿಸಿಕೊಂಡ ಒಬ್ಬಾತ ಒಂದೇ ತಿಂಗಳಲ್ಲಿ ಉಳಿಸಿದ ಹಣದಿಂದ ಹುಟ್ಟಲಿರುವ ಮಗುವಿಗೆ ಬೇಕಾದದ್ದನ್ನು ಕೊಂಡನೆಂದು ಅವರು ಸಂತೋಷದಿಂದ ಹೇಳಿದ್ದಿದೆ. ಸೂರ್ಯನನ್ನು ದೇವರು ಎಲ್ಲರಿಗೂ ಕೊಟ್ಟಿದ್ದಾನೆ ಎಂಬ ನಂಬಿಕೆ ಅವರದು, ಇದರಿಂದ ಶ್ರೀಮಂತರಾಗಲು ಹೊರಡಲಿಲ್ಲ. 2011ರಲ್ಲಿ ಫಿಲಿಪ್ಪೀನ್ಸ್‌ನ ಇಲಾಕ್ ಡಿಯಾಜ್ ತಮ್ಮ ಮೈ ಶೆಲ್ಟರ್ ಫೌಂಡೇಶನ್ ಮೂಲಕ ಇದನ್ನು ಕೈಗೆತ್ತಿಕೊಂಡರು. ಕೊಳೆಗೇರಿಗಳ ಜನರಿಗೆ ಮಾಡುವ ಬಗೆ ಕಲಿಸಿ, ಅದರಿಂದ ನಾಲ್ಕು ಕಾಸು ದುಡಿಯುವಂತೆಯೂ ಮಾಡಿದರು. 2013ರ ಹೊತ್ತಿಗೆ ಆ ದೇಶದ ಸುಮಾರು 1 ಲಕ್ಷ 40 ಸಾವಿರ ಮನೆಗಳ ಸೂರಿನಲ್ಲಿ ಬಾಟಲಿಗಳಿದ್ದವು. ರಾತ್ರಿಗೆ ಇದು ಪ್ರಯೋಜನವಿಲ್ಲ ಎಂಬ ಕೊರತೆಗೂ ಅವರ ಲೀಟರ್ ಆಫ್ ಲೈಟ್ ಚಳವಳಿ ಮುಂದೆ ಪುಟ್ಟ ಸೋಲಾರ್ ಫಲಕ, ಬ್ಯಾಟರಿ, ಎಲ್‌ಇಡಿ ಜೋಡಿಸಿ ಉತ್ತರ ಕೊಟ್ಟಿತು.

ವರ್ಕ್‌ಶಾಪಿಗಂತೂ ಹಗಲಿನ ಈ ಬೆಳಕು ಎರಡು ಪಟ್ಟು ಲಾಭ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಲೇತ್‌ನ ಚಕ್ ತಿರುಗುವ ವೇಗ ಆ ಮಿನುಗಿಗೆ ಹೊಂದಿಬಿಟ್ಟರೆ ಅದು ನಿಂತಂತೆ ಕಾಣುತ್ತದೆ, ನಿಂತಿದೆ ಎಂದು ಕೈ ಚಾಚಿದರೆ ಬೆರಳು ಹೋಯಿತು. ಬಿಸಿಲಿಗೆ ಮಿನುಗೆಂಬುದಿಲ್ಲ. ಬಣ್ಣಕ್ಕೆ ಬಣ್ಣ ಹೊಂದಿಸುವ ಪೇಂಟರ್‌ಗೂ ಇದಕ್ಕಿಂತ ನಂಬಿಕಸ್ತ ದೀಪವಿಲ್ಲ.

ನಮ್ಮಲ್ಲಿ ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹೆಂಚು ಹಾಕುವುದುಂಟು, ಬಯಲುಸೀಮೆಯ ಮಾಳಿಗೆಗೆ ಬೆಳಕಿಂಡಿ ಇತ್ತು. ಆ ಜಾಣತನ ಶೀಟಿನ ಶೆಡ್ಡಿಗೆ ಮಾತ್ರ ದಾಟಲಿಲ್ಲ. ಹಾಕಬಯಸುವವರು ಫಿಲಿಪ್ಪೀನ್ಸ್‌ನವರ ಕ್ರಮ ಹಿಡಿಯುವುದು ಒಳ್ಳೆಯದು: ಸೂರಿನದೇ ಅಲೆ, ಸೂರಿನದೇ ಗೇಜಿನ ತಗಡಿನ ತುಂಡೊಂದಕ್ಕೆ ನೆಲದ ಮೇಲೆ ಕೂತೇ ಬಾಟಲಿ ಸಿಕ್ಕಿಸಿ ಸೀಲಂಟ್ ಮೆತ್ತಿ ಒಣಗಿಸಿ, ಆಮೇಲೆ ಸೂರಿನ ತೂತಿನ ಮೇಲೆ ಕೂರಿಸಿ ರಿವೆಟ್ ಹೊಡೆದು ಅಂಚಿಗೆ ಮತ್ತೊಮ್ಮೆ ಸೀಲಂಟ್ ಹಾಕಬೇಕು. ವೈಸ್ ಇರುವ ಮೇಜಿನ ನೇರ ಮೇಲಕ್ಕಿಂತ ಸ್ವಲ್ಪ ಎಡಕ್ಕೊಂದು, ಬಲಕ್ಕೊಂದು ಇಟ್ಟರೆ ಕೆಲಸದ ಮೇಲೆ ಕೈಯ ನೆರಳು ಬೀಳುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಹಳದಿಗಟ್ಟಿದಾಗ ಬಾಟಲಿ ಬದಲಿಸಬೇಕು. ಸೂರು ಆಸ್ಬೆಸ್ಟಾಸ್ ಶೀಟಿನದಾದರೆ ಮಾತ್ರ ಡ್ರಿಲ್ಲಿಂಗ್ ಮೆಷಿನ್ ಹಚ್ಚಲೇಬೇಡಿ. ಅದರ ಧೂಳು ಶ್ವಾಸಕೋಶದಲ್ಲಿ ಕೂತು ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ಎದ್ದೀತು. ಅಂಥ ಕಡೆ ಶೀಟನ್ನು ತಿಳಿದವರಿಂದ ಇಡಿಯಾಗಿ ಇಳಿಸಿ, ಆ ಜಾಗಕ್ಕೆ ಬಾಟಲಿ ಜೋಡಿಸಿದ ಉಕ್ಕಿನ ಶೀಟು ಹಾಕಿಸಿಕೊಳ್ಳಿ.